ಹದಿಮೂರನೆಯ ಮಂಗಳವಾರ

ಬೆಳಗ್ಗೆ ಐದು ಗಂಟೆ ನಲವತ್ತು ನಿಮಿಷ. ಐದಕ್ಕೆ ಕೆಂಗೇರಿಯಿಂದ ಮೈಸೂರು ಕಡೆಯ ಡೋರ್ನಹಳ್ಳಿ ಚರ್ಚಿಗೆ ಹೊರಡಬೇಕಿದ್ದ ಬಸ್ಸು ಇನ್ನೂ ನಿಂತಲ್ಲೇ ನಿಂತಿತ್ತು. ನಲವತ್ತಮೂರು ಜನರ ಪಟ್ಟಿಯಲ್ಲಿ ಬಾರದವನು ಒಬ್ಬನೇ.

ಪಟ್ಟಿ ಸಿಸಿಲಿಯಾಳ ಕೈಯಲ್ಲಿತ್ತು. ಹೊರಡೋಣವೇ ಎಂದು ಡ್ರೈವರ್ ಮೂರನೇ ಸಲ ಕೇಳಿದ. ಮೂರನೇ ಸಲವೂ ಅವಳು ಐದು ನಿಮಿಷ ಎಂದಳು. ಬೇರೆ ಯಾರಾಗಿದ್ದರೂ ಬಿಟ್ಟು ಹೊರಟಿರುತ್ತಿದ್ದಳು. ಅದು ಅವಳಿಗೂ ಗೊತ್ತಿತ್ತು. ಸಿಟ್ಟು ಬಂದಿದ್ದು ಅದಕ್ಕೇ.

ಅಂದು 2023ರ ಜೂನ್ 13, ಸಂತ ಅಂತೋಣಿಯವರ ಹಬ್ಬ. ಮಂಗಳವಾರ ಅವರ ವಾರ; ಆ ವರ್ಷ ಹಬ್ಬವೂ ಮಂಗಳವಾರವೇ ಬಿದ್ದಿತ್ತು. ಪಾದ್ರಿಗಳು ನಡೆಸುವ ಹತ್ತೂವರೆಯ ಬಲಿಪೂಜೆಗೆ ಸಾಕಷ್ಟು ಮೊದಲೇ ತಲುಪದಿದ್ದರೆ ಚರ್ಚಿನ ಒಳಗೆ ಕಾಲಿಡಲೂ ಜಾಗ ಸಿಗುವುದಿಲ್ಲ.

ಕೊನೆಗೂ ಆಟೋ ಬಂತು. ಇನ್ನಾಸ್ ಇಳಿದ. ಅವನ ಹಿಂದೆಯೇ ಮೂರು ಚೀಲ ಬನ್ನು ಇಳಿದವು.

"ಟೈಮೆಷ್ಟು ಗೊತ್ತಾ?"

"ಬೇಕರಿಯವ್ನು ಲೇಟ್ ಮಾಡ್ದ ಕಣೇ. ಮುನ್ನೂರು ಬನ್ನು ಬೇಯಬೇಕಲ್ಲ."

ಸಿಸಿಲಿಯಾ ಚೀಲಗಳನ್ನು ನೋಡಿದಳು. ಬೈಯುವುದು ಬಿಟ್ಟು ಪಟ್ಟಿಯಲ್ಲಿ ಅವನ ಹೆಸರಿಗೆ ಗುರುತು ಹಾಕಿದಳು.

ಅಂತೋಣಿಯವರಿಗೆ ಹದಿಮೂರು ಮಂಗಳವಾರ ಹರಕೆ ಹೊತ್ತವರು, ಕೋರಿಕೆ ಕೈಗೂಡಿದರೆ ಜನರಿಗೆ ರೊಟ್ಟಿ ಹಂಚುತ್ತಾರೆ. ಬೆಂಗಳೂರಿನಲ್ಲಿ ರೊಟ್ಟಿಯ ಜಾಗದಲ್ಲಿ ಬನ್ನು. ಮದುವೆಯಾಗದವರು ಈ ಹರಕೆ ಹೊತ್ತರೆ ಕಾರಣ ಒಂದೇ ಎಂಬುದು ಚರ್ಚಿನ ಎಲ್ಲರ ತೀರ್ಮಾನ. ಮಾರ್ಚ್ 21ರಿಂದ ಇನ್ನಾಸ್ ಒಂದು ಮಂಗಳವಾರವನ್ನೂ ತಪ್ಪಿಸಿರಲಿಲ್ಲ.

ಹಾಗಾದರೆ... ಹುಡುಗಿ ಸಿಕ್ಕಿದ್ದಾಳೆ.

"ಯಾರಪ್ಪಾ ಹುಡುಗಿ?" ಕಿಟಕಿ ಪಕ್ಕದಿಂದ ಜ್ಞಾನಮ್ಮ ಕೇಳಿಯೇ ಬಿಟ್ಟರು. ಅವರು ಸಿಸಿಲಿಯಾಳ ಸೋದರತ್ತೆ.

ಹದಿಮೂರು ಮುಗಿಯುವ ತನಕ ಕೋರಿಕೆ ಹೇಳಬಾರದಂತೆ ಎಂದು ನಕ್ಕು ಅವನು ಹಿಂದಿನ ಸೀಟಿಗೆ ಹೋದ.

ಬಸವೇಶ್ವರನಗರದ ಶಾಲೆಯಲ್ಲಿ ಗಣಿತ ಹೇಳಿಕೊಡುವ ಸಿಸಿಲಿಯಾಗೆ ಮೂವತ್ತೊಂದು ವರ್ಷ. ಭಾನುವಾರಗಳಂದು ಚರ್ಚಿನಲ್ಲಿ ಅವಳು ಹಾಡುತ್ತಾಳೆ, ಲಿಫ್ಟ್ ಕಂಪನಿಯ ಇನ್ನಾಸ್ ಕೀಬೋರ್ಡ್ ನುಡಿಸುತ್ತಾನೆ. ಆರು ವರ್ಷ ಹೀಗೇ ಕಳೆದಿತ್ತು. ಅವನಾಗಿಯೇ ಹೇಳುತ್ತಾನೆಂದು ಇವಳು ಕಾದಳು. ಫೆಬ್ರವರಿಯಲ್ಲಿ ಅವಳ ಅಪ್ಪ ಚಿನ್ನಪ್ಪನವರಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತಿತು. ಅಂದಿನಿಂದ ಇನ್ನಾಸ್ ಶ್ರೀಗಂಧದ ಕಾವಲ್‌ನ ಅವರ ಮನೆಗೆ ಪ್ರತಿ ವಾರ ಬಂದ. ಅಪ್ಪನನ್ನು ನಡೆಸಿದ, ಔಷಧಿ ತಂದುಕೊಟ್ಟ. ಆದರೆ ಅವಳ ಹತ್ತಿರ ಒಂದು ಮಾತೂ ಆಡಲಿಲ್ಲ.

ಈ ನಡುವೆ ಬಿನ್ನಿಪೇಟೆಯ ಸಂಬಂಧ ಬಂದಿತ್ತು. ಉತ್ತರಕ್ಕೆ ಇದೇ ಕೊನೆಯ ದಿನ.

ಮದ್ದೂರು ದಾಟುವಾಗ ಅವಳು ಅತ್ತೆಯ ಕಡೆ ಬಾಗಿದಳು.

"ಬಿನ್ನಿಪೇಟೆಯವ್ರಿಗೆ ಹೂಂ ಅಂದ್ಬಿಡಿ ಅತ್ತೆ."

"ನಿಜವಾಗ್ಲೂ ಹೇಳ್ತಿದೀಯಾ, ಇಲ್ಲ ಬಸ್ಸು ಲೇಟಾಯ್ತು ಅನ್ನೋ ಸಿಟ್ಟಿಗಾ?"

ಅವಳು ಪಟ್ಟಿ ಮಡಚಿ ಬ್ಯಾಗಿಗೆ ತುರುಕಿದಳು. ಪೂಜೆ ಮುಗಿದ ಮೇಲೆ ಫೋನ್ ಮಾಡುತ್ತೇನೆಂದು ಜ್ಞಾನಮ್ಮ ಜಪಸರ ಕೈಗೆತ್ತಿಕೊಂಡರು.

ಹತ್ತು ಇಪ್ಪತ್ತೈದಕ್ಕೆ ತಲುಪಿದರು. ಒಳಗೆ ಜಾಗವಿರಲಿಲ್ಲ. ಬಿಸಿಲಲ್ಲಿ ನಿಂತು, ಧ್ವನಿವರ್ಧಕದಲ್ಲಿ ಪೂಜೆ ಕೇಳಿದರು. ಅಪ್ಪನಿಗೆ ಮಾತು ಮರಳಿದ್ದಕ್ಕೆ ಕೃತಜ್ಞತೆ ಹೇಳಲು ಬಂದವಳು ಅವಳು. ಆದರೆ ಮನಸ್ಸು ಚೀಲದ ಬನ್ನುಗಳನ್ನೇ ಎಣಿಸುತ್ತಿತ್ತು. ಎಂಥ ಭಕ್ತಿ ನನ್ನದು...

ಪೂಜೆ ಮುಗಿಯಿತು. ಇನ್ನಾಸ್ ಬನ್ನು ಹಂಚುತ್ತ ಅವಳ ಮುಂದೆ ಬಂದ. ಅವಳು ಕೈ ಚಾಚಲಿಲ್ಲ.

"ಯಾವ ಚರ್ಚಿನವಳು?"

"ಯಾರು?"

"ನಿನ್ನ ಹದಿಮೂರು ಮಂಗಳವಾರ."

ಅವನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು.

"ನಿಮ್ಮಪ್ಪ ಮಾತಾಡ್ಲಿ ಅಂತ ಹೊತ್ತಿದ್ದು ಕಣೇ. ಭಾನುವಾರ ನಾನು ಸ್ವಿಚ್ ಆರಿಸದೆ ಹೊಸ ಟ್ಯೂಬ್‌ಲೈಟ್ ಹಾಕೋವಾಗ 'ಸ್ವಿಚ್ಚು' ಅಂತ ಗದರಿದ್ರಲ್ಲ. ಅವತ್ತೇ ಬೇಕರಿಗೆ ಹೇಳ್ದೆ."

ಆ ಗದರಿಕೆ ಅವಳಿಗೂ ಕೇಳಿತ್ತು. ಲೈನ್‌ಮನ್ ಆಗಿ ನಿವೃತ್ತರಾದ ಅಪ್ಪ ನಾಲ್ಕು ತಿಂಗಳ ಬಳಿಕ ಆಡಿದ ಮೊದಲ ಮಾತು ಅದು. ಮನೆಯವರೆಲ್ಲ ಅತ್ತಿದ್ದರು.

"ಅಪ್ಪನಿಗೋಸ್ಕರ ನಾವೂ ಬೇಡ್ಕೊಂಡಿದ್ವಿ. ನೀನ್ಯಾಕೆ ಹದಿಮೂರು ವಾರ ಹೊತ್ತೆ?"

ಇನ್ನಾಸ್ ಚೀಲ ಕೆಳಗಿಟ್ಟ.

"ನಿನ್ನ ಕೊಡಿ ಅಂತ ಕೇಳ್ಬೇಕಿತ್ತು. ಬೇಡ ಅನ್ನೋಕೂ ಬಾಯಿ ಬರದವರ ಹತ್ರ ಹೇಗೆ ಕೇಳ್ಲಿ?"

ಸಿಸಿಲಿಯಾಳ ಕಣ್ಣು ತುಂಬಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

"ನನಗೆ ಬಾಯಿ ಇತ್ತಲ್ಲೋ! ನನ್ನ ಕೇಳೋಕೇನಾಗಿತ್ತು?"

"ನೀನು ಹೂಂ ಅಂದ್ಬಿಡ್ತಿದ್ದೆ. ಅವ್ರು ಸುಮ್ನೆ ಮಲಗಿರೋವಾಗ ಎಲ್ಲಾ ತೀರ್ಮಾನ ಆಗ್ಬಿಡ್ತಿತ್ತು."

"ಹೂಂ ಅಂತೀನಿ ಅಂತ ಅಷ್ಟು ಧೈರ್ಯನಾ?"

"ಬೆಳಗ್ಗೆ ನಲವತ್ತು ನಿಮಿಷ ಬಸ್ ನಿಲ್ಸಿದ್ದೆಯಲ್ಲ."

ಅವಳು ಏನೋ ಹೇಳಹೊರಟು, ತಟ್ಟನೆ ಬೆಚ್ಚಿ ತಿರುಗಿದಳು. ಅತ್ತೆಯ ಫೋನು!

ಜ್ಞಾನಮ್ಮ ಮರದ ನೆರಳಲ್ಲಿ ಫೋನನ್ನು ಕಿವಿಗೆ ಹಿಡಿದು ನಿಂತಿದ್ದರು. ಸಿಸಿಲಿಯಾ ಜನರ ನಡುವೆ ನುಗ್ಗಿ ಹೋಗಿ ಅವರ ಮಣಿಕಟ್ಟು ಹಿಡಿದಳು.

"ಬೇಡ ಅತ್ತೆ. ಇಡಿ."

ಜ್ಞಾನಮ್ಮ ಅವಳನ್ನು ನೋಡಿದರು; ಹಿಂದೆ ಓಡಿಬಂದ ಇನ್ನಾಸ್‌ನನ್ನು ನೋಡಿದರು.

"ಇದನ್ನ ಮದ್ದೂರಲ್ಲೇ ಹೇಳೋಕೆ ಏನಾಗಿತ್ತು ನಿಮ್ಗೆ? ಎರಡು ಸಲ ರಿಂಗ್ ಹೋಯ್ತು. ಪುಣ್ಯ, ಅವ್ರು ಎತ್ಲಿಲ್ಲ."

ವಾಪಸು ಬರುವಾಗ ಸಿಸಿಲಿಯಾ ಹಿಂದಿನ ಸೀಟಿನಲ್ಲಿ ಕುಳಿತಳು.

"ಅಪ್ಪ ಬೇಡ ಅಂದ್ರೆ?" ಮೆಲ್ಲಗೆ ಕೇಳಿದಳು.

"ಅನ್ಲಿ. ಯಾಕೆ ಅಂತ ಕೇಳ್ತೀನಿ. ಅವ್ರು ಹೇಳೋ ತನಕ ಕೂತಿರ್ತೀನಿ."

"ನಾನೂ ಪಕ್ಕದಲ್ಲಿ ಕೂತಿರ್ತೀನಿ ಬಿಡು."

ಅಂದು ರಾತ್ರಿ ಎಂಟೂಕಾಲಿಗೆ ಇನ್ನಾಸ್ ಕೇಳಿದ. ಚಿನ್ನಪ್ಪನವರು ಉತ್ತರವನ್ನು ಪೂರ್ತಿ ಹೇಳಲು ನಾಲ್ಕು ನಿಮಿಷ ತೆಗೆದುಕೊಂಡರು. ನಡುವೆ ಯಾರೂ ಮಾತು ಸೇರಿಸಲಿಲ್ಲ. ಆಗಸ್ಟ್‌ನ ಮೊದಲ ಮೂರು ಭಾನುವಾರ ಬಲಿಪೂಜೆಯ ಕೊನೆಯಲ್ಲಿ ಆಕ್ಷೇಪವಿದ್ದವರು ತಿಳಿಸಲೆಂದು ಮದುವೆಯ ಪ್ರಕಟಣೆಯಾಗಿ ಇಬ್ಬರ ಹೆಸರನ್ನೂ ಓದಲಾಯಿತು. ಯಾರಿಂದಲೂ ಆಕ್ಷೇಪ ಬರಲಿಲ್ಲ.