ಅಂಜಿಕೆಯ ಸೀಸ

“ಅದೊಂದನ್ನ ಕೇಳಬ್ಯಾಡ್ರಿ ಮೇಷ್ಟ್ರೆ,” ಎಂದ ತಿಪ್ಪೇರುದ್ರಪ್ಪ.

ಕೇಳಬೇಡಿ ಎಂದರೆ ಕೇಳುವ ಆಸಾಮಿಯಲ್ಲ ನಂಜರಾಜ. ಮೈಸೂರಿನಿಂದ ದಾವಣಗೆರೆಯ ಕಾಲೇಜಿಗೆ ಚರಿತ್ರೆಯ ಪಾಠ ಹೇಳಲು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅಷ್ಟರಲ್ಲೇ ಪ್ರಿನ್ಸಿಪಾಲರ ಕೆಮ್ಮು, ಜವಾನನ ಗೊಣಗು, ಹರಿಹರದ ಪ್ಯಾಸೆಂಜರ್ ರೈಲು ಹೊರಡುವ ಮುನ್ನ ಗಾರ್ಡು ತೆಗೆಯುವ ಆಕಳಿಕೆ, ಎಲ್ಲವನ್ನೂ ಗಂಟಲಿಗಿಳಿಸಿಕೊಂಡು ಊರನ್ನು ನಗಿಸಿದ್ದ. ದೇವರನ್ನೂ ದೆವ್ವವನ್ನೂ ಅವನು ಒಂದೇ ಹಾಜರಿ ಪುಸ್ತಕದಲ್ಲಿ ಬರೆದಿಟ್ಟಿದ್ದ: ಇಬ್ಬರೂ ಕೆಲಸಕ್ಕೆ ಬಾರದವರು.

ಅವನು ನಂಬುತ್ತಿದ್ದುದು ಸೀಸವನ್ನು. ಸೀಸ ಕರಗಿಸಿ, ಪ್ಲಾಸ್ಟರಿನ ಅಚ್ಚಿಗೆ ಹೊಯ್ದು, ಬೆರಳುದ್ದದ ಸಿಪಾಯಿಗಳನ್ನು ಮಾಡಿ, ಬಣ್ಣ ಬಳಿದು, ದೊಡ್ಡ ಮೇಜಿನ ಮೇಲೆ ದಂಡು ಹೂಡಿ ಯುದ್ಧ ಆಡುವುದು ಅವನ ಹುಚ್ಚು. ಫುಟ್‌ರೂಲು ಹಿಡಿದು ಕುದುರೆ ಓಡಿಸುವುದು, ದಾಳ ಉರುಳಿಸಿ ಗುಂಡು ಹಾರಿಸುವುದು, ಸತ್ತವನನ್ನು ಅಡ್ಡ ಮಲಗಿಸುವುದು. ಈ ಊರಿನಲ್ಲಿ ಆ ಹುಚ್ಚಿಗೆ ಜೊತೆಯಾದವನು ಹತ್ತಿ ದಲಾಲಿ ತಿಪ್ಪೇರುದ್ರಪ್ಪ ಒಬ್ಬನೇ. ಫಿರಂಗಿಯ ಹೊಗೆಗೆ ಬೇಕಾದ ಅರಳೆಯನ್ನು ತನ್ನ ಅಂಗಡಿಯಿಂದ ಅವನೇ ತರುತ್ತಿದ್ದ. ಹೆಂಡತಿ ಮಕ್ಕಳಿಲ್ಲದ ಪರಊರಿನ ಮೇಷ್ಟ್ರಿಗೆ ಆ ಮನೆಯ ರೊಟ್ಟಿ, ಆ ಮನೆಯ ಹಬ್ಬ, ಆ ಮನೆಯ ಮಗಳು ಹಂಪವ್ವ ಕರೆಯುವ “ಮಾಮಾ”, ಇಷ್ಟೇ ದಾವಣಗೆರೆ.

ಆ ಸಂಜೆ ರುದ್ರಪ್ಪನ ಮನೆಯ ಗೋಡೆಗೂಡಿನಲ್ಲಿ ಕರಿಬಟ್ಟೆಯ ಗಂಟೊಂದು ಕಂಡಿತು. ಬಟ್ಟೆಯ ಬಾಯಿ ಸಡಿಲಿತ್ತು. ಒಳಗೆ ಬೂದುಬಣ್ಣದ ಹೊಳಪು.

“ಸೀಸ ಅಲ್ಲವೇನ್ರೀ ಅದು? ಇಷ್ಟು ಗಟ್ಟಿ ಇಟ್ಟುಕೊಂಡು ನನ್ನ ದಂಡಿಗೆ ಬರಗಾಲ ಅಂತ ಸುಮ್ಮನೆ ಕೂತಿದ್ದೀರಲ್ಲ.”

“ಅದು ಬರೇ ಸೀಸ ಅಲ್ರೀ. ನಮ್ಮ ಹಂಪವ್ವನ ಅಂಜಿಕಿ.”

ಹಂಪವ್ವನ ಸಂಗತಿ ನಂಜರಾಜನಿಗೂ ಗೊತ್ತಿತ್ತು. ಬೇಸಿಗೆಯಲ್ಲಿ ಶಾಮನೂರಿನ ಅಜ್ಜಿಯ ಮನೆಗೆ ಹೋದ ಆರು ವರ್ಷದ ಹುಡುಗಿ ಹಾಳುಬಾವಿಗೆ ಬಿದ್ದು ಇಡೀ ರಾತ್ರಿ ಅದರೊಳಗೆ ಕಳೆದಿದ್ದಳು. ಮೈಗೆ ಒಂದು ಗೀರೂ ಆಗಿರಲಿಲ್ಲ. ಆದರೆ ಅಂದಿನಿಂದ ದೀಪ ಹಚ್ಚುವ ಹೊತ್ತಾದರೆ ಸಾಕು, ಕಾಲು ಹಿಡ್ಕೊಂಡೈತೆ, ಕಾಲು ಹಿಡ್ಕೊಂಡೈತೆ ಎಂದು ಚೀರುತ್ತಿದ್ದಳು. ಡಾಕ್ಟರರ ಸೂಜಿಗೆ ಅಂಜಿಕೆ ಇಳಿಯಲಿಲ್ಲ. ಕೊನೆಗೆ ಹರಿಹರದ ದ್ಯಾಮವ್ವನ ಬಳಿ ಕರೆದೊಯ್ದರು. ಅಂಜಿದವರ ತಲೆಯ ಮೇಲೆ ನೀರಿನ ಬಟ್ಟಲು ಹಿಡಿದು, ಕಾದ ಸೀಸವನ್ನು ಅದಕ್ಕೆ ಹೊಯ್ಯುವುದು ಆ ಮುದುಕಿಯ ಕಸುಬು. ಯಾವುದು ಅಂಜಿಸಿತೋ ಅದರ ಆಕಾರಕ್ಕೆ ಸೀಸ ಹೆಪ್ಪುಗಟ್ಟುತ್ತದೆ ಎಂದು ಜನ ಹೇಳುತ್ತಿದ್ದರು.

ರುದ್ರಪ್ಪ ಬಟ್ಟೆ ಬಿಡಿಸಿದ. ಒಂದು ಅಂಗೈ. ಬೆರಳುಗಳು ಐದಕ್ಕೇ ನಿಂತಿರಲಿಲ್ಲ.

“ಅಮಾಸಿಗೆ ಹೊಳಿಗೆ ಬಿಡಬೇಕು. ಮತ್ತೆ ಕಾಸಬಾರದಂತೆ. ಮುದುಕಿ ಕಣ್ಣು ಬಿಟ್ಟು ಹೇಳ್ಯಾಳೆ.”

ನಂಜರಾಜ ತಕ್ಷಣ ಟವೆಲನ್ನು ತಲೆಗೆ ಹೊದ್ದು, ಬೆನ್ನು ಗೂನು ಮಾಡಿ, ಹಲ್ಲಿಲ್ಲದ ಬಾಯಿಯಲ್ಲಿ ರಾಗ ಎಳೆದ: “ಕಾಸಬ್ಯಾಡ್ರೋ ಯಪ್ಪಾ... ಕಾಸಿದ್ರೆ ಕಾಸೂ ಹೋದೀತು, ಕಾಸಿದೋನೂ ಹೋದಾನು...” ನಂತರ ತನ್ನ ದನಿಗೆ ಮರಳಿ, “ಕೊಡಿ ಸ್ವಾಮಿ, ಹೊಳೆಗೆ ಹಾಕಿ ಮೀನಿಗೇನು ಕುದುರೆ ಸವಾರಿ ಕಲಿಸ್ತೀರಾ?” ಎಂದ.

ಬೇರೆ ದಿನವಾಗಿದ್ದರೆ ರುದ್ರಪ್ಪ ಹೊಟ್ಟೆ ಹಿಡಿದು ನಗುತ್ತಿದ್ದ. ಇಂದು ನಗಲಿಲ್ಲ. ಅವನ ಹೆಬ್ಬೆರಳು ತನ್ನದೇ ಕೈಬೆರಳಿನ ಒಂದು ಗೆಣ್ಣಿನಿಂದ ಮುಂದಿನದಕ್ಕೆ ಸರಿಯಿತು.

“ಬ್ಯಾಡ್ರಿ.”

“ಕೊಡಿ ಅಂದರೆ.”

“ಬ್ಯಾಡ ಅಂದೆನಲ್ಲ.” ಹೆಬ್ಬೆರಳು ಮತ್ತೊಂದು ಗೆಣ್ಣು ದಾಟಿತು. ಜಪ ಮಾಡುತ್ತಿದ್ದಾನೆ ಪಾಪ ಎಂದುಕೊಂಡ ನಂಜರಾಜ.

“ಮೂರನೇ ಸಲ ಕೇಳ್ತಿದ್ದೀನಿ ರುದ್ರಪ್ಪ. ಸ್ನೇಹಿತ ಅನ್ನೋದಾದರೆ ಕೊಡಿ.”

“ನನ್ನ ಕೈಯಾಗ ಕೊಡಂಗಿಲ್ಲ,” ಎಂದು ರುದ್ರಪ್ಪ ಬಾಗಿಲ ಕಡೆ ಮುಖ ತಿರುಗಿಸಿದ. “ನೀವಾ ತಗಂಡ್ರೆ ನಾ ನೋಡಂಗಿಲ್ಲ.”

ನಂಜರಾಜ ತೆಗೆದುಕೊಂಡ. ಬೇಸಿಗೆಯಲ್ಲೂ ಅದು ತಣ್ಣಗಿತ್ತು.

*

ಪಿ.ಜೆ. ಬಡಾವಣೆಯ ತನ್ನ ಮಹಡಿಯ ಕೋಣೆಯಲ್ಲಿ ನಂಜರಾಜ ಇದ್ದಿಲ ಒಲೆ ಹೊತ್ತಿಸಿ ಕಬ್ಬಿಣದ ಸೌಟಿಗೆ ಆ ಅಂಗೈಯನ್ನು ಹಾಕಿದ. ಸೀಸ ಕರಗುವಾಗಿನ ಒಣ ಕಮಟು ಅವನಿಗೆ ಪರಿಚಯದ್ದು. ಇದು ಆ ವಾಸನೆಯಲ್ಲ. ಪಾಚಿ. ಪಾರಿವಾಳದ ಹಿಕ್ಕೆ. ಬಿಸಿಲು ಕಾಣದ ನೀರು. ಬೆರಳುಗಳು ಒಂದೊಂದಾಗಿ ಬಾಗಿ, ಮುಷ್ಟಿ ಕಟ್ಟಿದಂತಾಗಿ, ಆಮೇಲೆ ಕರಗಿದವು.

ಅಚ್ಚು ಬಿಚ್ಚಿದಾಗ ಸಿಪಾಯಿ ಸೊಗಸಾಗಿ ಬಂದಿದ್ದ. ಟೋಪಿ, ಕೋವಿ, ಮೀಸೆ. ಆದರೆ ಕಾಲಿನ ಹರಡಿನ ಸುತ್ತ ಸಣ್ಣ ಸಣ್ಣ ಉಬ್ಬುಗೆರೆಗಳು. ಅಚ್ಚು ಬಿರುಕು ಬಿಟ್ಟಿದೆ ಎಂದುಕೊಂಡು ಬೇರೆ ಅಚ್ಚಿಗೆ ಹೊಯ್ದ. ಅದರಲ್ಲೂ ಅದೇ ಗೆರೆ. ಅರದಿಂದ ಉಜ್ಜಿದ. ಹೋಯಿತು. ಬಣ್ಣ ಬಳಿದು ಒಣಗಿಸಿ ಬೆಳಗ್ಗೆ ನೋಡಿದರೆ ಪ್ರತಿ ಸಿಪಾಯಿಯ ಹರಡಿನಲ್ಲೂ ಗೆರೆಗಳು ಮತ್ತೆ ಎದ್ದಿದ್ದವು. ಹಿಂದಿನಿಂದ ಯಾರೋ ಬಿಗಿಯಾಗಿ ಹಿಡಿದಂತೆ.

“ಕಾಲೆಳೆಯೋ ಸಹೋದ್ಯೋಗಿಗಳು ಇವರಿಗೂ ಇದ್ದಾರೆ,” ಎಂದು ತನಗೆ ತಾನೇ ಹೇಳಿಕೊಂಡು ನಕ್ಕ. ನಗು ಕೋಣೆಯಲ್ಲಿ ಬಾವಿಯೊಳಗಿನ ಮಾತಿನಂತೆ ಮೊಳಗಿತು.

ಭಾನುವಾರ ರುದ್ರಪ್ಪ ಅರಳೆಯ ಚೀಲ ಹಿಡಿದು ಬಂದ. ಎರಡು ಹಳೇ ಬಾಗಿಲು ಜೋಡಿಸಿ ಮಾಡಿದ ಮೇಜು. ಅದರ ಮೇಲೆ ನೆಲದವರೆಗೂ ಇಳಿಬಿದ್ದ ಹಸಿರು ದುಪ್ಪಟಿ. ಪುಸ್ತಕಗಳ ಗುಡ್ಡ, ಸೀಮೆಸುಣ್ಣದಿಂದ ಎಳೆದ ನದಿ. ವಾಟರ್‌ಲೂ ಯುದ್ಧ ಆಡೋಣ ಎಂದ ನಂಜರಾಜ.

“ನಮ್ಮೂರಾಗ ನಲ್ಲಿಗೆ ವಾಟರೇ ಬರಲ್ಲ, ಇನ್ನ ವಾಟರ್‌ಲೂ ಎಲ್ಲಿಂದ ತರ್ತೀರಿ,” ಎಂದ ರುದ್ರಪ್ಪ. ಮಾತು ತಮಾಷೆಯದು, ಮುಖ ಅಲ್ಲ. ಕೂತದ್ದೂ ವಿಚಿತ್ರವಾಗಿ: ಎರಡೂ ಕಾಲು ಕುರ್ಚಿಯ ಮೇಲೆ ಮಡಚಿಕೊಂಡು. ಹೊಸ ಸಿಪಾಯಿಗಳನ್ನು ಬೆರಳಿನಿಂದ ಮುಟ್ಟಲಿಲ್ಲ; ಫುಟ್‌ರೂಲಿನ ತುದಿಯಿಂದ ದೂಡಿದ.

“ಹಂಪವ್ವ ಹೇಗಿದ್ದಾಳೆ?”

“ಬುಧವಾರದಿಂದ ಚೀರಿಲ್ಲ ಮೇಷ್ಟ್ರೆ. ನಿನ್ನೆ ಒಬ್ಬಾಕೆನಾ ಹಿತ್ತಲಿಗೆ ಹೋಗಿ ಬಂದ್ಲು.” ಅವನ ಕಣ್ಣು ತುಂಬಿತ್ತು.

ಬುಧವಾರವೇ ನಂಜರಾಜ ಸೀಸ ಕೇಳಿದ್ದ. ಅದು ಅವನಿಗೆ ಆಗ ಹೊಳೆಯಲಿಲ್ಲ.

ಗಿರಣಿಯ ಸಂಜೆಯ ಕೂಗು ಆಯಿತು. ಹಿಂದೆಯೇ ಕರೆಂಟು ಹೋಯಿತು. ಕಿಟಕಿಯಲ್ಲಿ ಉಳಿದಿದ್ದ ಕೆಂಪು ಬೆಳಕು ಗುಡ್ಡಗಳ ಹಿಂದೆ ಜಾರಿತು. ಮೇಜಿನ ಮೇಲೆ ಏನೋ ಟಕ್ಕೆಂದಿತು. ಒಬ್ಬ ಸಿಪಾಯಿ ಬಿದ್ದಿದ್ದ. ಮತ್ತೊಬ್ಬ ಬಿದ್ದ. ಯಾರೂ ದಾಳ ಹಾಕಿರಲಿಲ್ಲ. ಸಾಲಿಗೆ ಸಾಲೇ ಮುಗ್ಗರಿಸಿತು, ಕಾಲು ಹಿಡಿದು ಎಳೆದಂತೆ, ಎಲ್ಲರೂ ನಂಜರಾಜನ ಕಡೆಗೇ.

ನಂತರ ವಾಸನೆ. ಪಾಚಿ. ಹಳೇ ನೀರು.

ದುಪ್ಪಟಿಯ ಅಂಚು ಅಲುಗಿತು. ಗಾಳಿ ಇರಲಿಲ್ಲ. ಮೇಜಿನ ಅಡಿಯಲ್ಲಿ ತೊಟ್ಟಿಕ್ಕುವ ಸದ್ದು. ಒಂದು ಹನಿ. ಇನ್ನೊಂದು. ಕಾಲು ಹಿಂದಕ್ಕೆ ಎಳೆದುಕೊಳ್ಳಬೇಕು ಎನಿಸಿತು. ಎಳೆದ. ಬರಲಿಲ್ಲ. ತಣ್ಣನೆಯ ಬೆರಳು. ಇನ್ನೊಂದು ಬೆರಳು. ಐದು. ಆಮೇಲೂ ಒಂದು. ಆಮೇಲೂ.

“ರುದ್ರಪ್ಪ... ಕಾಲು...”

ಕತ್ತಲೆಯಲ್ಲಿ ಕುರ್ಚಿ ಸರಿದ ಸದ್ದಾಯಿತು. ಬಾಗಿಲು ತೆರೆಯಿತು. ಮೆಟ್ಟಿಲ ಮೇಲೆ ಚಪ್ಪಲಿಗಳು ಓಡಿದವು.

ಏನಾಯಿತು ಎಂದು ರುದ್ರಪ್ಪ ಕೇಳಲೇ ಇಲ್ಲ.

*

ಸಂಜೆಯಾದರೆ ನಂಜರಾಜ ಮಂಚದಿಂದ ಇಳಿಯದಾದ. ಹಗಲು ತರಗತಿಯಲ್ಲಿ ಮೇಜಿನ ಹಿಂದೆ ನಿಲ್ಲಲಾರದೆ ಹುಡುಗರ ನಡುವೆ ನಿಂತು ಪಾಠ ಹೇಳಿದ. ಮಿಮಿಕ್ರಿ ಮಾಡಿ ಸಾರ್ ಎಂದರೆ ಗಂಟಲಿನಿಂದ ಯಾರ ದನಿಯೂ ಹೊರಡಲಿಲ್ಲ, ತನ್ನದು ಕೂಡ ಕಷ್ಟದಿಂದ ಹೊರಟಿತು. ಎಡಗಾಲಿನ ಹರಡಿನ ಸುತ್ತ ಚರ್ಮ ನೆನೆದ ಕಾಗದದಂತೆ ಬೆಳ್ಳಗಾಗಿ ಸುಲಿಯಿತು. ರುದ್ರಪ್ಪನ ಅಂಗಡಿಗೆ ಎರಡು ಸಲ ಹೋದ. ಸಾಹುಕಾರರು ಮಲೆಬೆನ್ನೂರಿಗೆ ಹೋಗ್ಯಾರೆ ಎಂದರು. ಒಳಗೆ ಅರಳೆಯ ರಾಶಿಯ ಹಿಂದೆ ಅವನ ಕೆಮ್ಮು ಕೇಳಿಸುತ್ತಿತ್ತು. ಕೆಮ್ಮು ಗುರುತಿಸುವುದರಲ್ಲಿ ನಂಜರಾಜನನ್ನು ಮೀರಿಸುವವರಿರಲಿಲ್ಲ.

ಸಿಪಾಯಿಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹರಿಹರಕ್ಕೆ ಹೋದ. ನದಿಗೆ ಸುರಿದುಬಿಡುವ ಮುನ್ನ ಒಂದು ಮಾತು ಕೇಳೋಣ ಎಂದು ದ್ಯಾಮವ್ವನ ಮನೆ ಹುಡುಕಿದ. ಅವಳಿಗೆ ಹಲ್ಲೆಲ್ಲ ಇದ್ದವು, ಬೆನ್ನೂ ನೆಟ್ಟಗಿತ್ತು.

ಚೀಲದ ಬಾಯಿ ಬಿಚ್ಚಿದವಳೇ ಮೂಗು ಮುಚ್ಚಿಕೊಂಡಳು. “ಇದು ದಲಾಲಿ ರುದ್ರಪ್ಪನ ಮಗಳದ್ದಲ್ಲ? ನಿನ್ನ ಕೈಗೆ ಹೆಂಗೆ ಬಂತಪ್ಪ?”

“ಹೊಳೆಗೆ ಬಿಡೋದು ಅಂದರು. ನಾನು ಕೇಳಿ ತಗೊಂಡೆ.”

“ಬಾವಿ ನೀರಾಗಿಂದ ಹತ್ತಿದ್ದು ಇದು. ಹೊಳಿ ನೀರು ಹೆಂಗೆ ತಗಂತೈತೆ? ಹೊಳಿ ಮಾತು ನಾ ಆಡೇ ಇಲ್ಲ.” ಅವಳು ಅವನ ಕಾಲು ನೋಡಿದಳು. “ಬ್ಯಾಡ ಅಂದ್ನಾ ಆತ?”

“ಅಂದರು.”

“ಬ್ಯಾಡ ಅಂದ್ರೂ ಕೇಳಿದಿ. ಮೂರು ಸಲ.”

ಗೆಣ್ಣಿನ ಮೇಲೆ ಸರಿಯುವ ರುದ್ರಪ್ಪನ ಹೆಬ್ಬೆರಳು ನಂಜರಾಜನ ಕಣ್ಣ ಮುಂದೆ ಬಂತು.

“ಕೊಟ್ರೆ ಹೋಗಂಗಿಲ್ಲ ಇದು,” ಎಂದಳು ದ್ಯಾಮವ್ವ. “ಬ್ಯಾಡ ಅಂದ್ರೂ ಬಿಡದೆ ಮೂರು ಸಲ ಬಯಸಿ, ತನ್ನ ಕೈಯಾರೆ ತಗಳ್ಳೋರು ಬೇಕು. ಒಂದು ಚೂರು ತಗಂಡ್ರೂ ಅಷ್ಟೇ, ಗಟ್ಟಿ ತಗಂಡ್ರೂ ಅಷ್ಟೇ. ಅಪ್ಪ ಆದೋನು ನೀನಾ ಕೇಳಪ್ಪ, ಮಗಳ ಮ್ಯಾಲಿಂದ ಇಳೀತೈತೆ ಅಂದೆ. ಹೂಂ ಅಂದ, ಅಳ್ತಾ ಒಯ್ದ.” ಚೀಲದ ಬಾಯಿ ಕಟ್ಟಿ, “ಕೇಳೋರ್ನ ಹುಡುಕ್ಯಾನೆ,” ಎಂದಳು.

ಎಚ್ಚರಿಕೆ ಎಂದು ತಾನು ನಕ್ಕದ್ದು ಎಚ್ಚರಿಕೆಯೇ ಆಗಿರಲಿಲ್ಲ. ಗಾಳಕ್ಕೆ ಚುಚ್ಚಿದ ಹುಳ. ಬೇಡ ಎಂದರೆ ಬೇಕು ಎನ್ನುವ ಮೀನು ಯಾವುದೆಂದು ಇಷ್ಟು ತಿಂಗಳು ರೊಟ್ಟಿ ಹಾಕಿ ನೋಡಿ ತಿಳಿದುಕೊಂಡವನು ಎಸೆದದ್ದು. ಹರಿಹರದಿಂದ ಹಿಂದಿರುಗುವ ಬಸ್ಸಿನಲ್ಲಿ ನಂಜರಾಜ ಕಾಲನ್ನು ಸೀಟಿನ ಮೇಲಿಟ್ಟುಕೊಂಡು ಕೂತ. ಕಂಡಕ್ಟರ್ ಬೈದ. ಕಾಲು ಇಳಿಸಲಿಲ್ಲ.

*

ಹೊತ್ತು ಮುಳುಗುವ ಸಮಯಕ್ಕೆ ರುದ್ರಪ್ಪನ ಮನೆಯ ಬಾಗಿಲಲ್ಲಿ ನಿಂತ. ಈ ಸಲ ಕೆಮ್ಮಿ ಅಡಗಲು ಅರಳೆಯ ರಾಶಿ ಇರಲಿಲ್ಲ.

“ನಿಮಗೆ ಹಿಂದಿಲ್ಲ ಮುಂದಿಲ್ಲ ಮೇಷ್ಟ್ರೆ,” ಎಂದ ರುದ್ರಪ್ಪ, ನೆಲ ನೋಡುತ್ತ. “ಇಂಥದ್ರಾಗ ನಂಬಿಕಿನೂ ಇಲ್ಲ. ನಂಬದೋರಿಗೆ ಏನೂ ಆಗಲ್ಲ ಅಂದ್ಕಂಡೆ.”

“ಸ್ನೇಹಿತ ಅನ್ನೋದಾದರೆ ಅಂತ ಕೇಳಿದ್ದೆ ನಾನು.”

“ಸಣ್ಣ ಕೂಸು ರೀ ಅದು.”

“ಹಾಗಾದರೆ ನೀವು ಕೇಳಿ ಈಗ.” ನಂಜರಾಜ ಚೀಲದಿಂದ ಒಬ್ಬ ಸಿಪಾಯಿಯನ್ನು ತೆಗೆದು ಅಂಗೈ ಚಾಚಿದ. ಹರಡಿನಲ್ಲಿ ಬೆರಳುಗಳು ಆಗಲೇ ಬಿಗಿಯತೊಡಗಿದ್ದವು. “ನಾನು ಬೇಡ ಅಂತೀನಿ. ನೀವು ಕೇಳಿ.”

ರುದ್ರಪ್ಪನ ತುಟಿ ತೆರೆಯಿತು. ಮುಚ್ಚಿತು.

“ಮಾಮಾ ಬಂದ,” ಎಂದು ಒಳಗಿನಿಂದ ಹಂಪವ್ವ ಓಡಿಬಂದಳು. ಗಲ್ಲ ತುಂಬಿಕೊಂಡಿತ್ತು. ಕಾಲಲ್ಲಿ ಹೊಸ ಗೆಜ್ಜೆ. ನಂಜರಾಜನ ಅಂಗೈಯಲ್ಲಿ ಕೆಂಪು ಅಂಗಿಯ ಸಿಪಾಯಿ ಅವಳಿಗೆ ಕಂಡ. “ನಂಗೆ ಕೊಡು ಮಾಮಾ.”

“ಬೇಡ ಪುಟ್ಟಿ.” ಅವನು ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ಬಂದ ಮಾತು. ಆದರೆ ಮಾತು ಹೊರಬಿದ್ದ ಮೇಲೆ ಇಬ್ಬರು ಗಂಡಸರೂ ಅದನ್ನು ಕೇಳಿದರು.

“ಕೊಡು ಮಾಮಾ, ಒಂದಾ ಒಂದು.”

ಪಾಚಿಯ ವಾಸನೆ ಹೊಸ್ತಿಲು ದಾಟಿತು. ಈಗ ಒಂದೇ ಮಾತು, ಮೂರು ಸಲ, ಸಾಕಿತ್ತು. ನನಗೆ ಕೊಡಿ ಎಂದು ಅಪ್ಪ ಹೇಳಬಹುದಿತ್ತು. ನಂಜರಾಜ ಅವನ ಮುಖವನ್ನೇ ನೋಡುತ್ತಿದ್ದ.

ರುದ್ರಪ್ಪ ಧಾವಿಸಿ ಬಂದು ಮಗಳ ಬಾಯಿಯನ್ನು ಅಂಗೈಯಿಂದ ಒತ್ತಿ ಮುಚ್ಚಿದ. ಬಾಯಿ ಮಾತ್ರ. ಅವನ ಕಣ್ಣು ಗೆಳೆಯನನ್ನು ಬೇಡುತ್ತಿತ್ತು: ಹೋಗಿಬಿಡಿ. ಹೊತ್ತುಕೊಂಡು ಹೋಗಿಬಿಡಿ.

ಅಪ್ಪನ ಬೆರಳುಗಳ ಮೇಲಿಂದ ಹಂಪವ್ವನ ಕಣ್ಣುಗಳು ಸಿಪಾಯಿಯನ್ನೇ ಕೇಳುತ್ತಿದ್ದವು. ಕಣ್ಣಿನಲ್ಲಿ ಕೇಳಿದ್ದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ದ್ಯಾಮವ್ವ ಹೇಳಿರಲಿಲ್ಲ. ಪುಟ್ಟ ಕೈ ಮೇಲೆ ಬಂತು. ನಂಜರಾಜ ಮುಷ್ಟಿ ಮುಚ್ಚಬಹುದಿತ್ತು. ಬೆರಳುಗಳು ಅವನವೇ, ಅವನ ಮಾತು ಕೇಳುತ್ತಿದ್ದವು. ಹರಡಿನ ಮೇಲಿನ ಬೆರಳುಗಳು ಮಾತ್ರ ಮೂಳೆಗೆ ಇಳಿದಿದ್ದವು. ಒಂದು ಕ್ಷಣ. ಇನ್ನೊಂದು.

ಮುಚ್ಚಲಿಲ್ಲ.

ಅವಳು ತೆಗೆದುಕೊಂಡಳು.

ಕಾಲಿನ ಹಿಡಿತ ಬೆರಳು ಬೆರಳಾಗಿ ಸಡಿಲಿತು. ರಕ್ತ ಬೆಚ್ಚಗೆ ಪಾದಕ್ಕೆ ಇಳಿಯಿತು. ಹಂಪವ್ವ ನಿಧಾನವಾಗಿ ತಲೆ ಬಗ್ಗಿಸಿ ತನ್ನ ಗೆಜ್ಜೆಯ ಕಡೆ ನೋಡಿದಳು.

ನಂಜರಾಜ ಓಡಿದ. ಮೆಟ್ಟಿಲಿಳಿದು ಬೀದಿಗೆ ಬಿದ್ದ. ಹಿಂದೆ ಚೀತ್ಕಾರ ಎದ್ದಿತು, ಅಪ್ಪನ ಅಂಗೈಗೂ ಅಡಗದ್ದು. ಬೀದಿಯ ತುದಿಯ ಮಂಡಕ್ಕಿ ಅಂಗಡಿಯ ಮುಂದೆ ಜನ ತಿರುಗಿ ನೋಡಿದರು. ಅವನ ಕಾಲು ಹಗುರವಾಗಿತ್ತು, ಅಸಹ್ಯವಾಗುವಷ್ಟು ಹಗುರ.

ಆಮೇಲೆ ಮನೆಯೊಳಗಿನಿಂದ ರುದ್ರಪ್ಪನ ದನಿ ಕೇಳಿತು. ಒಡೆದ, ಗುರುತೇ ಸಿಗದ ದನಿ.

“ನಂಗೆ ಕೊಡವ್ವ.”

ನಂಜರಾಜ ನಿಂತ. ಅಂಗಡಿಯ ಲಾಂದ್ರದ ಬೆಳಕಿನಲ್ಲಿ ಎರಡನೆಯ ಸಲಕ್ಕೆ ಕಾದ. ಅಂಗಡಿಯವನು ಹಲಗೆ ಜೋಡಿಸಿ ಬಾಗಿಲು ಹಾಕಿಕೊಂಡ. ಹುಡುಗಿಯ ಚೀತ್ಕಾರ ಬಿಕ್ಕಾಗಿ, ಬಿಕ್ಕು ಮತ್ತೆ ಚೀತ್ಕಾರವಾಯಿತು.

ಅವನು ಬಹಳ ಹೊತ್ತು ಕಾದ. ಎರಡನೆಯ ಸಲ ಆ ಮನೆಯಿಂದ ಯಾರೂ ಕೇಳಲಿಲ್ಲ.