ಕುದುರೆಯ ಊಟ ಆದ ಮೇಲೆ

ನಂಬಿದರೆ ನಂಬಿ, ಬಿಟ್ಟರೆ ಬಿಡಿ; ಇದು ನಮ್ಮ ಮನೆಯಲ್ಲೇ ನಡೆದದ್ದು. ನಮ್ಮ ಬ್ರೆಡ್ಡಿನ ಗಾಡಿ ಎಳೆಯುತ್ತಿದ್ದ ಕುದುರೆಯನ್ನು ಅಪ್ಪ ಹಿರಿಮಗ ಎನ್ನುತ್ತಿದ್ದರು. "ಹೆತ್ತ ನೆನಪು ನನಗಿಲ್ಲಪ್ಪ" ಎಂದು ಅಮ್ಮ ಛೇಡಿಸುತ್ತಿದ್ದಳು. ಅದು ತಿನ್ನುವ ತನಕ ಅಪ್ಪ ತಟ್ಟೆ ಮುಟ್ಟುತ್ತಿರಲಿಲ್ಲ. "ಅನ್ನ ಹಾಕೋನು ಹಸಿದಿರುವಾಗ ನಾವು ತಿಂದ್ರೆ ದೇವರು ಮೆಚ್ತಾನಾ?" ಎನ್ನುತ್ತಿದ್ದರು.

ಕುದುರೆ ಸತ್ತಿತು. ಅಪ್ಪ ಅನ್ನ ಬಿಟ್ಟು ಹಾಸಿಗೆ ಹಿಡಿದರು. ಅಮ್ಮ ಅತ್ತು ಕರೆದು ಸೋತಳು. ಕೊನೆಗೆ ನಾನು ಬಕೆಟ್ಟಿನ ತುಂಬ ನೆನೆಸಿದ ಕಾಳು ತುಂಬಿ, ಅವರಿಗೆ ತೋರಿಸಿ, ಹಿತ್ತಲಿನ ಲಾಯದಲ್ಲಿ ಇಟ್ಟು ಬಂದೆ.

"ಅದ್ರದ್ದು ಊಟ ಆಯ್ತಪ್ಪಾ, ಇನ್ನು ನೀವು ಏಳಿ" ಎಂದು ಸುಳ್ಳು ಹೇಳಿದೆ. ಅಪ್ಪ ಎದ್ದು ಉಂಡರು.

ಕಾಳನ್ನು ಚೆಲ್ಲಿಬಿಡೋಣವೆಂದು ಹೋದರೆ ಬಕೆಟ್ಟು ಬರಿದಾಗಿತ್ತು. ಅದರ ಅಂಚು ಬೆಚ್ಚಗಿತ್ತು, ಜೊಲ್ಲಿನಿಂದ ಅಂಟಂಟಾಗಿತ್ತು. ಮರುದಿನವೂ ಹಾಗೆಯೇ. ಬಾಗಿಲಾಚೆ ನಿಂತರೆ ಅಗಿಯುವ ಸದ್ದು ಕೇಳುತ್ತಿತ್ತು, ಇಣುಕಿದರೆ ನಿಲ್ಲುತ್ತಿತ್ತು. ಮೇವಿನ ಋಣ ಸಾವಿಗೂ ಹರಿಯದು ಎಂದು ಅಜ್ಜಿ ಹೇಳುತ್ತಿದ್ದಳು. ನನಗೆ ಹೆದರಿಕೆಯಾಗಲಿಲ್ಲ. ಖಾಲಿ ಲಾಯಕ್ಕೆ ದಿನವೂ ಕೈ ಮುಗಿದೆ.

ಮೊನ್ನೆ ಕಾಳು ಇಟ್ಟದ್ದು ಇಟ್ಟಂತೆಯೇ ಇತ್ತು. ಸಂಜೆಯ ತನಕ ಕಾದೆ. ಒಂದು ಕಾಳೂ ಕದಲಲಿಲ್ಲ. ಕಣ್ಣೊರೆಸಿಕೊಂಡು ಒಳಗೆ ಬಂದು, "ತಿಂತು ಅಪ್ಪಾ, ಏಳಿ" ಎಂದೆ.

"ಯಾಕೆ ಮಗಳೇ ಸುಳ್ಳು ಹೇಳ್ತೀಯಾ? ಇವತ್ತು ಅದು ಬರ್ಲೇ ಇಲ್ವಲ್ಲ."

ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದರು. ಆಮೇಲೆ ಅವರು ಒಂದು ತುತ್ತೂ ಮುಟ್ಟಿಲ್ಲ. ಅವರ ಕೋಣೆಯಿಂದ ಲಾಯ ಕಾಣುವುದಿಲ್ಲ.