ಅವ್ವನ ಸಿಟ್ಟು ಮತ್ತು ತಣಿವುಪಟ್ಟಿ

ಇನ್ನು ಮೂವತ್ತು ವರ್ಷದ ಮೇಲಿನ ಮಾತು. ಮಂಡ್ಯದ ಒಂದು ಪ್ರಯೋಗಾಲಯದಲ್ಲಿ ಸಿಂಚನಾ ಎರಡನೇ ಲೋಟ ಬ್ರಾಂದಿ ಮುಗಿಸಿದಳು. ಎದುರು ಕೂತಿದ್ದ ಸಹಾಯಕ, ಹೇಳಿಕೊಟ್ಟಂತೆ, ಅವಳನ್ನು ಬಾಯಿಗೆ ಬಂದ ಹಾಗೆ ಬೈದ. ಮೊದಲಾಗಿದ್ದರೆ ಲೋಟ ಅವನ ಹಣೆಗೆ ಬಡಿಯುತ್ತಿತ್ತು. ಈಗ ಅವಳು ನಕ್ಕಳು, ಅಷ್ಟೇ.

ಅವಳ ಕಿವಿಯ ಹಿಂದಿದ್ದ ತಣಿವುಪಟ್ಟಿ ಡಾಕ್ಟರ್ ಚಾರ್ವಿ ಕಂಡುಹಿಡಿದದ್ದು. ಕುಡಿದಾಗ ಸಿಟ್ಟನ್ನು ಹಿಡಿದಿಡುವ ಮೆದುಳಿನ ಮುಂಭಾಗದ ಲಗಾಮು ಸಡಿಲವಾಗುತ್ತದೆ. ಪಟ್ಟಿ ಬೆವರಿನಲ್ಲಿ ಮದ್ಯದ ಸುಳಿವು ಹಿಡಿದು, ಸಣ್ಣ ವಿದ್ಯುತ್ತಿನಿಂದ ಆ ಲಗಾಮನ್ನು ಬಿಗಿಯುತ್ತದೆ. ಕುಡಿದು ಕೈಮಾಡಿದ ಹೆಂಗಸರಿಗೆ ಕೋರ್ಟೇ ಅದನ್ನು ಹಾಕಿಸುತ್ತಿತ್ತು. ಗಂಡಸರಿಗೆ? ಅಯ್ಯೋ, ಗಂಡಸು ಕುಡಿದು ಕೂಗಾಡಿದರೆ ಅದೂ ಒಂದು ಸುದ್ದಿಯೇ!

ಚಾರ್ವಿಗೆ ಈ ಹುಚ್ಚು ಹಿಡಿಸಿದ್ದು ಸತ್ತುಹೋದ ಅವ್ವ. ಅವ್ವ ಒಂದು ದಿನ ಕುಡಿದು ದೊಡ್ಡಪ್ಪನ ಮೇಲೆ ಮಚ್ಚು ಎತ್ತಿದ್ದಳು. "ಕುಡ್ದು ರಾಕ್ಷಸಿ ಆದ್ಲು" ಅಂದಿತು ಊರು. ಪುಟ್ಟ ಚಾರ್ವಿಯೂ ಹಾಗೇ ನಂಬಿದಳು. ಅವ್ವ ಆ ದಿನ ಕೂಗಿದ ಕೂಗು ಮಾತ್ರ ಅವಳ ಕಿವಿ ಬಿಟ್ಟು ಹೋಗಲೇ ಇಲ್ಲ.

ಗಂಡನ ಮನೆಯವರ ಮೇಲೆ ಕೈಮಾಡಿದಳೆಂದು ಸಿಂಚನಾಳನ್ನು ಮಗಳಿಂದ ದೂರ ಇಟ್ಟಿದ್ದರು. ಪರೀಕ್ಷೆಯಲ್ಲಿ ಪಾಸಾದ ಮೇಲೆ ಆ ಮನೆಗೆ, ಮಗಳ ಹತ್ತಿರಕ್ಕೆ ಕಳಿಸಿದರು. ತಿಂಗಳು ತುಂಬುವುದರೊಳಗೆ ಅವಳು ಮತ್ತೆ ಬಂದು, ಪಟ್ಟಿಯನ್ನು ಕಿತ್ತು ಚಾರ್ವಿಯ ಮೇಜಿನ ಮೇಲೆ ಒಗೆದಳು.

"ನನ್ ಮೈದುನ ಮಗೀನ ಜಡೆ ಹಿಡ್ದು ಎಳ್ದಾಡ್ದ, ಮೇಡಂ. ಕುಡ್ದಿದ್ದೆ. ಎದ್ದು ಬಿಡಿಸ್ಬೇಕು ಅಂತಿತ್ತು. ನಗ್ತಾ ಕೂತಿದ್ದೆ."

"ಕುಡೀದೆ ಇದ್ದಿದ್ರೆ..."

"ಕುಡೀದೆ ಇದ್ದಾಗ ಆ ಮನೇಲಿ ನಂಗೆ ಬಾಯಿ ಎಲ್ಲಿತ್ತು? ಎಷ್ಟು ಕುಡ್ದೆ ಅಂತ ಕೇಳಿದ್ರಿ. ಯಾಕೆ ಸಿಟ್ಟು ಅಂತ ಒಂದಿನಾನಾದ್ರೂ ಕೇಳಿದ್ರಾ?"

ಚಾರ್ವಿ ಪಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. "ಮಗು ಎಲ್ಲಿ?"

"ನಮ್ಮವ್ವನ ಮನೇಲಿ. ಮಗಳು ನನ್ನ ಮುಖ ನೋಡಲ್ಲ ಅಂತಾಳೆ."

ಪಿತೃಪಕ್ಷದ ಅಮಾವಾಸ್ಯೆಯ ಸಂಜೆ ಚಾರ್ವಿ ಅವ್ವನ ಫೋಟೋ ಮುಂದೆ ಎಡೆ ಇಟ್ಟಳು. ಬಾಡಿನ ಸಾರು, ವಡೆ. ಇಷ್ಟು ವರ್ಷ ಬೇಕೆಂದೇ ಇಡದಿದ್ದ ಬ್ರಾಂದಿ. ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಂದೆ ಮಾಡಿ ಹೊರಗೆ ನಿಂತಳು. ಆಗ ನೆನಪಾಯಿತು. ಅವ್ವ ಮಚ್ಚು ಎತ್ತುವ ಮುಂಚೆ ದೊಡ್ಡಪ್ಪನ ಕೈಯಲ್ಲಿ ಇದ್ದದ್ದು ತನ್ನ ಜಡೆ.

"ನಂಗೋಸ್ಕರನಾ, ಅವ್ವಾ?" ಎಂದು ಬಾಗಿಲಿಗೆ ಹಣೆ ಒತ್ತಿ ಅತ್ತಳು.

ಪಕ್ಕದ ಬೀದಿಯಲ್ಲಿ ಯಾವಳೋ ಕಿರುಚಿದಳು. "ಕುಡ್ದವ್ಳೆ, ಬಿಡ್ರಿ" ಎಂದು ಯಾರೋ ನಕ್ಕರು, ನಾವೆಲ್ಲ ಇವತ್ತು ನಗುವ ಹಾಗೆಯೇ. ಚಾರ್ವಿ ಬಾಗಿಲು ಬಿಟ್ಟು ಆ ಕಡೆ ಓಡಿದಳು.